ಮರದ ಆಯುಷ್ಯ, ಮನೆಯ ಆಯುಷ್ಯ

ಮಳೆ ಹಿಂದೆ ಸರಿದು ದೀಪಾವಳಿ ಕಳೆದೊಡನೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಮನೆ ಕಟ್ಟುವ ಕಾಲ ಆರಂಭವಾಗುತ್ತದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗಲೇ ಜಗಲಿಯಲ್ಲಿ ಮೇಸ್ತ್ರಿಯೊಡನೆ ಲೆಕ್ಕಾಚಾರ ನಡೆಯುತ್ತದೆ. ಹಳೆಯ ಮನೆಯ ಮಾಡು ಇಳಿಸಿ ತಾರಸಿ ಹಾಕಿಸುವುದೋ, ಕೆಟ್ಟ ಪಕ್ಕಾಸುಗಳನ್ನಷ್ಟೇ ಬದಲಿಸಿ ಮತ್ತೆ ಹೆಂಚು ಹೊದಿಸುವುದೋ? ದಾರಂದಕ್ಕೆ ಹಿತ್ತಲಿನ ಹಲಸನ್ನು ಕಡಿಸುವುದೋ, ಪೇಟೆಯಿಂದ ಸಿಮೆಂಟಿನ ದಾರಂದ ತರಿಸುವುದೋ? ಈ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಉತ್ತರ ಹೇಳುವುದು ಆ ವರ್ಷದ ಅಡಿಕೆಯ ಧಾರಣೆ ಮತ್ತು ನೆರೆಮನೆಯವರು ಕಟ್ಟಿಸಿದ ಮನೆಯ ಮಾದರಿ. ಆದರೆ ಹಾಗೆ ಹೊರಬಿದ್ದ ಒಂದೊಂದು ಉತ್ತರವೂ ಒಂದು ಮರದ, ಒಂದು ಗುಡ್ಡದ, ಒಂದು ಹೊಳೆಯ ಹಣೆಬರಹವನ್ನು ನಿರ್ಧರಿಸುತ್ತದೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ.

ಕಟ್ಟಡಕ್ಕೆ ಮರ ಬಳಸುವುದೆಂದರೆ ಕಾಡಿಗೆ ಕೊಡಲಿ ಹಾಕುವುದೆಂದೇ ಅರ್ಥ ಎನ್ನುವವರು ಒಂದು ಕಡೆ ಇದ್ದಾರೆ. ಮರವೆಂದರೆ ಗೆದ್ದಲಿನ ಆಹಾರ, ಕಾಂಕ್ರೀಟು ಮಾತ್ರ ಶಾಶ್ವತ ಎನ್ನುವವರು ಇನ್ನೊಂದು ಕಡೆ ಇದ್ದಾರೆ. ಎರಡು ಮಾತುಗಳಲ್ಲೂ ಅರ್ಧ ಸತ್ಯವಿದೆ. ಯಾವ ಸಾಮಗ್ರಿಯೂ ತನ್ನಷ್ಟಕ್ಕೆ ತಾನೇ ಬಾಳುವುದಿಲ್ಲ. ಅದನ್ನು ಎಲ್ಲಿ, ಹೇಗೆ ಇಟ್ಟಿದ್ದಾರೆ ಎಂಬುದರ ಮೇಲೆ ಅದರ ಬಾಳಿಕೆ ನಿಂತಿದೆ. ಆ ಬಾಳಿಕೆಯನ್ನು ಅಳೆಯಬೇಕಾದದ್ದು ಮನೆಯೊಡೆಯನ ಆಯುಷ್ಯದಿಂದಲ್ಲ, ಆ ಸಾಮಗ್ರಿಯನ್ನು ಸೃಷ್ಟಿಸಲು ಪ್ರಕೃತಿ ತೆಗೆದುಕೊಂಡ ಕಾಲದಿಂದ. ನಲವತ್ತು ವರ್ಷ ಬೆಳೆದ ಮರದ ತೊಲೆ ಕನಿಷ್ಠ ನಲವತ್ತು ವರ್ಷ ಬಾಳಬೇಕು. ಈ ಸರಳ ನಿಯಮವನ್ನು ಮುಂದಿಟ್ಟುಕೊಂಡರೆ ಮರವೋ ಕಾಂಕ್ರೀಟೋ ಎಂಬ ವಾದ ಬೇರೆಯದೇ ರೂಪ ತಾಳುತ್ತದೆ.

ಈ ವಿಚಾರವನ್ನು ಮಂಗಳೂರಿನಿಂದ ಆರಂಭಿಸುವುದು ಸೂಕ್ತ. ಘಟ್ಟದ ಮರ, ನೇತ್ರಾವತಿಯ ಮರಳು, ಪದವುಗಳ ಕೆಂಪುಕಲ್ಲು ಇಳಿದು ಹೋಗುವುದು ಆ ನಗರಕ್ಕೆ. ಸಿಮೆಂಟು, ಸರಳು, ತಗಡುಗಳು ತಪ್ಪಲಿನ ಹಳ್ಳಿಗಳಿಗೆ ಏರಿ ಬರುವುದೂ ಆ ನಗರದಿಂದಲೇ. ಮೇಲಾಗಿ, ಕಟ್ಟಡ ಸಾಮಗ್ರಿಯೊಂದಕ್ಕೆ ತನ್ನ ಹೆಸರನ್ನೇ ಕೊಟ್ಟು ಸಮುದ್ರದಾಚೆಗೂ ಕಳುಹಿಸಿದ ಊರು ಅದು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣಿನಿಂದ ತಯಾರಾದ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಆ ಹೆಂಚು ಕೆಲವೇ ದಶಕಗಳಲ್ಲಿ ಬರ್ಮಾ, ಸಿಲೋನು, ಪೂರ್ವ ಆಫ್ರಿಕಾಗಳನ್ನು ತಲುಪಿತು. ಅದುವರೆಗೆ ಮುಳಿಹುಲ್ಲು, ಅಡಿಕೆ ಸೋಗೆ, ತೆಂಗಿನ ಮಡಲುಗಳನ್ನು ವರ್ಷವರ್ಷವೂ ಹೊದಿಸಬೇಕಾಗಿದ್ದ ಸಾಮಾನ್ಯರ ಮನೆಗಳಿಗೆ ಕ್ರಮೇಣ ಅದು ಬೆಂಕಿಗೂ ಗಾಳಿಗೂ ಹೆದರದ ಮಾಡು ಒದಗಿಸಿತು.

ಹೆಂಚಿನ ಮಾಡು ಮೂಲತಃ ಮರದ ಮಾಡು ಎಂಬುದನ್ನು ಮರೆಯುವಂತಿಲ್ಲ. ಒಂದು ಚದರ ಮೀಟರು ಮಾಡಿಗೆ ಸುಮಾರು ಹದಿನೈದು ಹೆಂಚು ಬೇಕು. ಒಂದೊಂದು ಹೆಂಚೂ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಆ ಭಾರ ಹೊರುವುದು ರೀಪು, ಪಕ್ಕಾಸು, ತೊಲೆಗಳು. ಹೆಂಚಿನ ಗೂಡುಗಳು ಉರಿದದ್ದೂ ಕಟ್ಟಿಗೆಯಿಂದಲೇ. ಆದುದರಿಂದ ಮಂಗಳೂರು ಹೆಂಚಿನ ಇತಿಹಾಸವನ್ನು ಹೆಮ್ಮೆಯಿಂದ ಹೇಳುವಾಗ, ಅದರ ಹಿಂದೆ ಬರಿದಾದ ಗುಡ್ಡಗಳನ್ನೂ ಮಣ್ಣು ತೆಗೆದು ಗುಂಡಿಯಾದ ಗದ್ದೆಗಳನ್ನೂ ಹೇಳುವುದು ನ್ಯಾಯ. ನಿರಪರಾಧಿಯಾದ ಸಾಮಗ್ರಿ ಎಂಬುದು ಇಲ್ಲವೇ ಇಲ್ಲ. ಯಾವುದರ ಸಾಲ ಎಷ್ಟು ವರ್ಷದಲ್ಲಿ ತೀರುತ್ತದೆ ಎಂಬುದಷ್ಟೇ ಪ್ರಶ್ನೆ.

ಮೊದಲು ಮರದ ಬಾಳಿಕೆಯನ್ನು ನೋಡೋಣ. ಮಂಗಳೂರಿಗೆ ಸಮೀಪದ ಮೂಡುಬಿದಿರೆಯಲ್ಲಿ ಚೌಟರ ಅರಮನೆಯ ಮರದ ಕಂಬಗಳಿವೆ. ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆ ಅಲ್ಲಿ ಶತಮಾನಗಳು ಕಳೆದರೂ ಕಾಣಸಿಗುತ್ತದೆ. ಜಪಾನಿನ ಹೋರ್ಯೂಜಿ ದೇವಾಲಯದ ಮರದ ಕಟ್ಟಡಗಳು ಸುಮಾರು ಸಾವಿರದ ಮುನ್ನೂರು ವರ್ಷಗಳಿಂದ ನಿಂತಿವೆ. ಇನ್ನೊಂದು ಕಡೆ, ತೋಟದ ಬೇಲಿಗೆಂದು ನೆಟ್ಟ ಮಾವಿನ ಗೂಟ ಕೆಲವೇ ಮಳೆಗಾಲಗಳಲ್ಲಿ ಬುಡದಿಂದ ಕಳಚಿ ಬೀಳುತ್ತದೆ. ಎರಡೂ ಮರವೇ. ವ್ಯತ್ಯಾಸವೆಲ್ಲಿದೆ?

ಭಾರತದಲ್ಲಿ ಮರಗಳ ಬಾಳಿಕೆಯನ್ನು ಪರೀಕ್ಷಿಸಲು ಗೂಟಗಳನ್ನು ಅರ್ಧ ಮಣ್ಣಿನಲ್ಲಿ ಹುಗಿದು ಎಷ್ಟು ಕಾಲ ಉಳಿಯುತ್ತವೆಂದು ನೋಡುವ ಪದ್ಧತಿಯಿದೆ. 120 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದದ್ದು ಒಂದನೆಯ ವರ್ಗ, 60ರಿಂದ 120 ತಿಂಗಳು ಉಳಿದದ್ದು ಎರಡನೆಯದು, ಅದಕ್ಕಿಂತ ಕಡಿಮೆಯಾದರೆ ಮೂರನೆಯದು. ತೇಗ ಮೊದಲ ವರ್ಗಕ್ಕೆ ಸೇರುತ್ತದೆ. ಮಾವು, ರಬ್ಬರು ಮೂರನೆಯದಕ್ಕೆ. ಗಮನಿಸಬೇಕಾದ ಸಂಗತಿ ಎಂದರೆ, ಮಣ್ಣಿನಲ್ಲಿ ಹುಗಿದಾಗ ಅತ್ಯುತ್ತಮ ವರ್ಗದ ಮರಕ್ಕೂ ಈ ಅಳತೆ ಕೇಳುವುದು ಹತ್ತು ವರ್ಷಗಳ ಬಾಳಿಕೆಯನ್ನಷ್ಟೇ. ಅಂಥದೇ ಮರ ಮಾಡಿನ ಕೆಳಗೆ ಒಣಗಿ ನಿಂತಾಗ ಶತಮಾನಗಳನ್ನು ಕಾಣುತ್ತದೆ. ಅಂದರೆ ಮರದ ಜಾತಿಯಷ್ಟೇ ಮುಖ್ಯವಾದದ್ದು ಅದು ನಿಂತ ಜಾಗ.

ಮರವನ್ನು ಕೊಳೆಯಿಸುವುದು ಶಿಲೀಂಧ್ರ. ಮರದೊಳಗಿನ ತೇವಾಂಶ ಶೇಕಡ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಕಾಳುಮೆಣಸನ್ನೂ ಅಡಿಕೆಯನ್ನೂ ಚೆನ್ನಾಗಿ ಒಣಗಿಸಿ ಅಟ್ಟಕ್ಕೇರಿಸುವ ರೈತನಿಗೆ ಈ ತತ್ತ್ವವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಂಥ ಊರಿನಲ್ಲಿ ಹಿಂದಿನ ಬಡಗಿಗಳು ಇದನ್ನೇ ಮನೆಯ ಆಕಾರದಲ್ಲಿ ಬರೆದಿಟ್ಟರು. ಪಂಚಾಂಗವನ್ನು ನೆಲದಿಂದ ಎತ್ತರಿಸಿದರು. ಕಂಬದ ಬುಡಕ್ಕೆ ಕಲ್ಲಿನ ಪೀಠ ಕೊಟ್ಟರು. ಸೂರನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದರು. ಮಾಡನ್ನು ಕಡಿದಾಗಿ ಇಳಿಸಿದರು. ಅಟ್ಟದಲ್ಲಿ ಗಾಳಿಯಾಡಲು ದಾರಿ ಬಿಟ್ಟರು. ಒಲೆಯ ಹೊಗೆಯೂ ಪಕ್ಕಾಸುಗಳನ್ನು ಒಣಗಿಸಿ ಹುಳಗಳನ್ನು ದೂರವಿಟ್ಟಿತು. ಒಂದು ಹೆಂಚು ಒಡೆದರೆ ನೀರು ತೊಟ್ಟಿಕ್ಕಿ ತಾನೇ ಸುದ್ದಿ ಕೊಡುತ್ತಿತ್ತು. ಮರುದಿನವೇ ಏಣಿ ಇಟ್ಟು ಹೆಂಚು ಬದಲಿಸಬಹುದಾಗಿತ್ತು.

ಗೆದ್ದಲು ಹಾಗೂ ಕುಟ್ಟೆಹುಳುಗಳ ವಿಚಾರವೂ ಹೀಗೆಯೇ. ಕೆಚ್ಚು ಮತ್ತು ಬಿಳಿಮರದ ಭೇದವನ್ನು ಅರಿಯದೆ ಮರ ಕೊಂಡವರು ಮೋಸ ಹೋಗುತ್ತಾರೆ. ತೇಗದ್ದೇ ಆದರೂ ಬಿಳಿಮರ ಬಾಳುವುದಿಲ್ಲ. ಹುಳಕ್ಕೆ ಬೇಕಾದ ಪಿಷ್ಟವಿರುವುದು ಅದರಲ್ಲೇ. ಎಳೆಯ ತೇಗವನ್ನು ಕಡಿದು ಬಿಳಿಮರ ಸಮೇತ ದಾರಂದ ಮಾಡಿಸಿ, ನಾಲ್ಕು ವರ್ಷದಲ್ಲಿ ಪುಡಿ ಉದುರಲಾರಂಭಿಸಿದಾಗ ಮರವನ್ನೇ ದೂರುವುದು ಇಂದಿನ ವಾಡಿಕೆ. ದೂರಬೇಕಾದದ್ದು ಅವಸರವನ್ನು. ಕಡಿದ ಮರವನ್ನು ಕೊಯ್ದು, ನೆರಳಿನಲ್ಲಿ ಅಟ್ಟಣೆ ಕಟ್ಟಿ, ಹಲಗೆಗಳ ನಡುವೆ ಪಟ್ಟಿಯಿಟ್ಟು ಗಾಳಿಗೆ ಒಣಗಿಸುವ ತಾಳ್ಮೆ ಹಿಂದಿನವರಿಗಿತ್ತು. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ದೋಣಿಗೂ ಪಕ್ಕಾಸಿಗೂ ಹಚ್ಚುವ ಪದ್ಧತಿ ಬೆಳೆದದ್ದೂ ಇದೇ ಅನುಭವದಿಂದ.

ಈಗ ಕಾಂಕ್ರೀಟಿನ ಶಾಶ್ವತತೆಯನ್ನು ಪರಿಶೀಲಿಸಬೇಕು. ಕಾಂಕ್ರೀಟಿನೊಳಗಿನ ಉಕ್ಕಿನ ಸರಳಿಗೆ ಸಿಮೆಂಟಿನ ಕ್ಷಾರಗುಣವೇ ರಕ್ಷೆ. ಕಡಲ ಗಾಳಿಯ ಉಪ್ಪು, ಅಳಿವೆಯ ಮರಳಿನಲ್ಲಿ ತೊಳೆಯದೆ ಉಳಿದ ಉಪ್ಪು ಆ ರಕ್ಷೆಯನ್ನು ಭೇದಿಸಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಮಂಗಳೂರಿನ ಹಳೆಯ ತಾರಸಿ ಕಟ್ಟಡಗಳ ಸಜ್ಜಾದ ಅಡಿಯಲ್ಲಿ ಕಾಂಕ್ರೀಟಿನ ಚಕ್ಕೆ ಉದುರಿ ಕೆಂಪು ಸರಳು ಇಣುಕುವುದನ್ನು ಕಾಣದವರಿಲ್ಲ. ಇದಕ್ಕಾಗಿಯೇ ಭಾರತೀಯ ಮಾನಕ 456, ಅದರ 2000ನೆಯ ವರ್ಷದ ಆವೃತ್ತಿಯಲ್ಲಿ, ಕರಾವಳಿಯ ಹವೆಗೆ ತೆರೆದುಕೊಂಡ ಕಾಂಕ್ರೀಟನ್ನು ತೀವ್ರ ಪರಿಸ್ಥಿತಿ ಎಂದು ವರ್ಗೀಕರಿಸಿ, ಕನಿಷ್ಠ ಎಂ-30 ದರ್ಜೆಯ ಕಾಂಕ್ರೀಟು ಹಾಗೂ ಸರಳಿನ ಮೇಲೆ 45 ಮಿಲಿಮೀಟರು ಹೊದಿಕೆ ಇರಬೇಕೆಂದು ವಿಧಿಸುತ್ತದೆ. ಅಡಿಕೆ ದುಡ್ಡಿನಲ್ಲಿ ಹಂತಹಂತವಾಗಿ ಏಳುವ ಸಣ್ಣ ಮನೆಗಳಲ್ಲಿ ಈ ಅಳತೆಯನ್ನು ಟೇಪು ಹಿಡಿದು ನೋಡುವವರು ಎಷ್ಟು ಮಂದಿ?

ಚಪ್ಪಟೆ ತಾರಸಿ ಮಳೆ ಕಡಿಮೆಯಿರುವ ಬಯಲುಸೀಮೆಯ ಕೂಸು. ಅದನ್ನು ಘಟ್ಟದ ತಪ್ಪಲಿಗೆ ತಂದ ಫಲವನ್ನು ದಕ್ಷಿಣ ಕನ್ನಡದ ಯಾವ ರಸ್ತೆಯಲ್ಲಿ ಹೋದರೂ ಕಾಣಬಹುದು: ಸೋರುವ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಹಾಕಿದ ಮನೆಗಳು. ಮಾಡು ಬೇಡವೆಂದು ಹಾಕಿಸಿದ ತಾರಸಿಗೆ ಕೊನೆಗೆ ಮಾಡೇ ರಕ್ಷಣೆ ಕೊಡಬೇಕಾಯಿತು. ಎರಡು ಸಲ ಸಾಮಗ್ರಿ, ಎರಡು ಸಲ ಖರ್ಚು. ಇನ್ನೊಂದು ಸಂಗತಿ ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ತಾರಸಿ ಎರೆಯುವಾಗ ಅದನ್ನು ಹೊರಲು ಸೆಂಟ್ರಿಂಗ್ ಹಲಗೆ ಬೇಕು, ಅದರಡಿಗೆ ಊರುಗಂಬ ಬೇಕು. ಪಟ್ಟಣದ ದೊಡ್ಡ ಕೆಲಸಗಳಲ್ಲಿ ಇವು ಕಬ್ಬಿಣದವು. ಹಳ್ಳಿಗಳಲ್ಲಿ ಇಂದಿಗೂ ಬಹುಪಾಲು ಮರದವೇ. ಆ ಮರ ಕೆಲವು ಮನೆಗಳ ಕೆಲಸ ಮುಗಿಯುವಷ್ಟರಲ್ಲಿ ಸೌದೆಯಾಗುತ್ತದೆ. ಮರವಿಲ್ಲದ ಮನೆಯೆಂದು ಹೇಳಿಕೊಳ್ಳುವ ಮನೆಯೂ ಹೀಗೆ ಮರವನ್ನು ತಿಂದೇ ಏಳುತ್ತದೆ.

ಸಾಮಗ್ರಿಗಳ ನಿಜವಾದ ಬೆಲೆಯನ್ನು ಅರಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಹಾಗೂ ಕೆ.ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಸಹಾಯಕವಾಗಿದೆ. ಒಂದು ಕಿಲೋ ಸಿಮೆಂಟು ತಯಾರಾಗಲು 5.85 ಮೆಗಾಜೂಲು ಶಕ್ತಿ ವ್ಯಯವಾಗುತ್ತದೆ; ಒಂದು ಕಿಲೋ ಉಕ್ಕಿಗೆ 42, ಅಲ್ಯೂಮಿನಿಯಮ್ಮಿಗೆ 236.8. ಕಿಟಕಿಯ ಚೌಕಟ್ಟನ್ನು ಮರದಿಂದ ಅಲ್ಯೂಮಿನಿಯಮ್ಮಿಗೆ ಬದಲಿಸಿ ಕಾಡು ಉಳಿಸಿದೆನೆಂದು ಭಾವಿಸುವವರು ಈ ಅಂಕಿಯನ್ನು ಗಮನಿಸಬೇಕು. ಆ ಕಾಡಿನ ಬದಲು ಇನ್ನೆಲ್ಲೋ ಒಂದು ಬಾಕ್ಸೈಟಿನ ಗುಡ್ಡ ಅಗೆಯಲ್ಪಟ್ಟಿರುತ್ತದೆ. ಸಿಮೆಂಟಿನದು ಇನ್ನೊಂದು ಕಥೆ. ನೂರು ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟಾಗ, ಇಂಧನದ ಹೊಗೆಯನ್ನು ಬಿಟ್ಟು ಕಲ್ಲಿನಿಂದಲೇ 44 ಕಿಲೋ ಇಂಗಾಲದ ಡೈಆಕ್ಸೈಡು ಹೊರಬರುತ್ತದೆ. ಇಂಧನ ಎಷ್ಟೇ ಸ್ವಚ್ಛವಾಗಿದ್ದರೂ ಈ ಭಾಗ ತಪ್ಪುವುದಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡು ಹೊರಸೂಸುವಿಕೆಯಲ್ಲಿ ಸುಮಾರು ಶೇಕಡ 7ರಿಂದ 8 ಪಾಲು ಸಿಮೆಂಟಿನದು.

ಮರದ ಲೆಕ್ಕ ಇದಕ್ಕೆ ತಿರುಗುಮುರುಗು. ಒಣ ಮರದ ತೂಕದ ಸುಮಾರು ಅರ್ಧದಷ್ಟು ಇಂಗಾಲ. ಅದನ್ನು ಮರ ಗಾಳಿಯಿಂದಲೇ ಹೀರಿಕೊಂಡಿರುತ್ತದೆ. ಒಂದು ಟನ್ ಒಣ ಮರ ಮಾಡಿನಲ್ಲಿ ಉಳಿದಿರುವಷ್ಟು ಕಾಲ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡು ವಾತಾವರಣದಿಂದ ಹೊರಗೆ ಬಂಧಿತವಾಗಿರುತ್ತದೆ. ಆದರೆ ಈ ಪುಣ್ಯ ಎರಡು ಷರತ್ತುಗಳಿಗೆ ಒಳಪಟ್ಟದ್ದು. ಕಡಿದ ಮರದ ಜಾಗದಲ್ಲಿ ಇನ್ನೊಂದು ಮರ ಬೆಳೆಯಬೇಕು. ಅದು ಬೆಳೆದು ಮುಗಿಯುವವರೆಗೆ ತೊಲೆ ಕೆಡದೆ ಉಳಿಯಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಮರ ಬಳಸಿದವನು ಸಾಲಗಾರನೇ. ನಲವತ್ತು ವರ್ಷದ ಹಲಸಿನ ದಾರಂದವನ್ನು ಹದಿನೈದು ವರ್ಷಕ್ಕೆ ಕಿತ್ತೆಸೆದರೆ ಇಪ್ಪತ್ತೈದು ವರ್ಷಗಳ ಸಾಲ ಭೂಮಿಯ ಮೇಲೆ ಉಳಿಯಿತು ಎಂದೇ ತಿಳಿಯಬೇಕು.

ಸರಕಾರದ ನೀತಿಯೂ ಈ ಪ್ರಶ್ನೆಯಲ್ಲಿ ಅತ್ತಿತ್ತ ಹೊಯ್ದಾಡಿದೆ. 1988ರ ರಾಷ್ಟ್ರೀಯ ಅರಣ್ಯ ನೀತಿ ಮರಕ್ಕೆ ಬದಲಿ ಸಾಮಗ್ರಿಗಳನ್ನು ಪ್ರೋತ್ಸಾಹಿಸಿತು. 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತು; 2020ರಲ್ಲಿ ಆ ನಿಷೇಧವನ್ನು ತೆರವುಗೊಳಿಸಿತು. ಕಾಡುಮರ ಮತ್ತು ಬೆಳೆಸಿದ ಮರ ಎಂಬ ಭೇದವನ್ನು ಸ್ಪಷ್ಟವಾಗಿ ಮಾಡದೆ ಮರವನ್ನೇ ದೂರವಿಟ್ಟಾಗ, ರೈತನ ಬದುವಿನ ಮರಕ್ಕೂ ಸರಕಾರಿ ಕಟ್ಟಡದ ಬಾಗಿಲು ಮುಚ್ಚುತ್ತದೆ. ಬೆಳೆಸಿದವನಿಗೆ ಬೆಲೆ ಸಿಗದಿದ್ದರೆ ಬದುವಿನಲ್ಲಿ ಹಲಸನ್ನೂ ಹೆಬ್ಬಲಸನ್ನೂ ಉಳಿಸಿಕೊಳ್ಳುವ ಆಸಕ್ತಿ ಯಾರಿಗೆ ಉಳಿದೀತು? ಆ ಇಪ್ಪತ್ತೇಳು ವರ್ಷಗಳಲ್ಲಿ ಬೇಡಿಕೆ ಕಾಡಿನಿಂದ ಸರಿದು ಮಾಯವಾಗಲಿಲ್ಲ. ಹೊಳೆಯ ಪಾತ್ರಕ್ಕೆ, ಪದವಿನ ನೆತ್ತಿಗೆ, ಪರದೇಶದ ಕಾಡಿಗೆ ಸರಿಯಿತು.

ಹೊಳೆ ಮತ್ತು ಪದವುಗಳ ಸ್ಥಿತಿಯನ್ನು ನಗರದ ಜನರೂ ಈಗ ಅರಿಯತೊಡಗಿದ್ದಾರೆ. 2012ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗಳೂ ಸೇರಿ ಮರಳು ಗಣಿಗಾರಿಕೆಗೆ ಪರಿಸರ ಅನುಮತಿ ಅಗತ್ಯವೆಂದು ಆದೇಶಿಸಿತು. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು ಮತ್ತು ಮರಳಿನ ಅಭಾವದಿಂದ ಕಟ್ಟಡ ಕೆಲಸಗಳು ನಿಂತು, ಕೂಲಿಯಿಲ್ಲದ ಕಾರ್ಮಿಕರು ಬೀದಿಗಿಳಿದರು. ಕೆಂಪುಕಲ್ಲು ಸುಡುವ ಅಗತ್ಯವಿಲ್ಲದ, ನೆಲದಿಂದ ಕಡಿದು ಗಾಳಿಗೊಡ್ಡಿದಾಗ ಗಟ್ಟಿಯಾಗುವ ಉತ್ತಮ ಸಾಮಗ್ರಿ, ಅದರಲ್ಲಿ ಅನುಮಾನವಿಲ್ಲ. ಆದರೆ ತೂತುತೂತಾದ ಅದೇ ಕಲ್ಲಿನ ಪದರ ಮಳೆನೀರನ್ನು ಹಿಡಿದಿಟ್ಟು ತಪ್ಪಲಿನ ಒರತೆಗಳಿಗೆ ಉಣಿಸುತ್ತದೆ. ಪದವಿನ ನೆತ್ತಿ ಕೆತ್ತಿದ ಮೇಲೆ ಕೆಳಗಿನ ಬಾವಿ ಬತ್ತಿತೆಂದು ಅಚ್ಚರಿಪಡುವುದು ತರವಲ್ಲ. ಕಲ್ಲಿಗೆ ಮರುನೆಡುವಿಕೆ ಇಲ್ಲ. ಅದರ ಆಯುಷ್ಯದ ಲೆಕ್ಕದಲ್ಲಿ ಮನುಷ್ಯನ ಯಾವ ಮನೆಯೂ ಸಾಕಷ್ಟು ಬಾಳುವುದಿಲ್ಲ.

ಪರದೇಶದ ಮರದ ಮಾತೂ ಇಲ್ಲಿ ಪ್ರಸ್ತುತ. ನವ ಮಂಗಳೂರು ಬಂದರಿನ ಮೂಲಕ ದಶಕಗಳಿಂದ ಆಗ್ನೇಯ ಏಷ್ಯಾದ ದಿಮ್ಮಿಗಳು ಬಂದಿಳಿದಿವೆ. ತನ್ನ ಕಾಡು ಕರಗುತ್ತಿರುವುದನ್ನು ಕಂಡು ಮ್ಯಾನ್ಮಾರ್ 2014ರ ಏಪ್ರಿಲಿನಿಂದ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. ಪಶ್ಚಿಮಘಟ್ಟದ ಬೀಟೆಯನ್ನು ಉಳಿಸಲು ಬೋರ್ನಿಯೋದ ಕಾಡನ್ನು ಕಡಿಸುವುದು ಪರಿಸರಪ್ರೇಮವೆನಿಸದು. ಹೊರದೇಶಗಳಲ್ಲಿ ಈಗ ಮರದ ಬಹುಮಹಡಿ ಕಟ್ಟಡಗಳೂ ಏಳುತ್ತಿವೆ. ನಾರ್ವೆಯಲ್ಲಿ 2019ರಲ್ಲಿ 85 ಮೀಟರಿಗೂ ಎತ್ತರದ, ಹದಿನೆಂಟು ಮಹಡಿಯ ಕಟ್ಟಡ ಮರದಿಂದಲೇ ನಿಂತಿದೆ. ಅದು ಅಲ್ಲಿಯೇ ಬೆಳೆಸಿದ ಮರ, ಅಲ್ಲಿಯ ಹವೆ, ಅಲ್ಲಿಯ ಕೌಶಲದ ಫಲ. ಅದನ್ನು ನೋಡಿ ಮಂಗಳೂರಿನ ಕದ್ರಿ ಗುಡ್ಡದ ಮೇಲೆ ಪರದೇಶದ ಮರ ತರಿಸಿ ಅಂಥದೇ ಗೋಪುರ ಕಟ್ಟಿದರೆ ಅನುಕರಣೆಯಾದೀತೇ ಹೊರತು ಅನುಸರಣೆಯಾಗದು. ಅವರಿಂದ ಕಲಿಯಬೇಕಾದದ್ದು ಒಂದೇ: ಹತ್ತಿರ ಬೆಳೆಯುವುದನ್ನು ಬಳಸು, ಬಳಸುವಷ್ಟನ್ನು ಬೆಳೆಸು.

ಹಾಗಾದರೆ ಯಾವ ಕೆಲಸಕ್ಕೆ ಯಾವುದು? ನೆಲಕ್ಕೆ ತಾಗುವ ಪಂಚಾಂಗ, ನೀರು ನಿಲ್ಲುವ ಬಚ್ಚಲು, ತೋಟದ ನೀರಿನ ತೊಟ್ಟಿ ಇವುಗಳಲ್ಲಿ ಮರಕ್ಕೆ ಕೆಲಸವಿಲ್ಲ. ಕಲ್ಲು ಮತ್ತು ಮಿತವಾದ ಸಿಮೆಂಟು ಅಲ್ಲಿ ಸರಿ. ಗೋಡೆಗೆ ಮನೆಯ ನಿವೇಶನದ ಮಣ್ಣನ್ನೇ ಬಳಸಿ ಒತ್ತಿದ ಇಟ್ಟಿಗೆಯನ್ನು ಮಾಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಈ ವಿಧಾನವನ್ನು ಹಳ್ಳಿಗಳಿಗೆ ಒಗ್ಗುವಂತೆ ಬೆಳೆಸಿದೆ. ಮಾಡಿಗೆ ಮರ ಮತ್ತು ಹೆಂಚು ಇಂದಿಗೂ ಮಳೆಯ ನಾಡಿನ ಶ್ರೇಷ್ಠ ಜೋಡಿ. ಒಳಬಾಗಿಲು, ಅಟ್ಟ, ಮುಚ್ಚಿಗೆಗಳಿಗೆ ತೇಗವೇ ಬೇಕೆಂಬ ಹಟ ಅನಾವಶ್ಯಕ. ಮಳೆ ತಾಗದ ಕಡೆ ಸಂಸ್ಕರಿಸಿದ ರಬ್ಬರು, ಹದವಾಗಿ ಒಣಗಿಸಿದ ಅಕೇಶಿಯಾ ಸಾಕು. ಈಗಾಗಲೇ ಗುಡ್ಡಗಳನ್ನು ಆವರಿಸಿರುವ ಅಕೇಶಿಯಾವನ್ನು ಕಡಿದು ಬಳಸಿ, ಆ ಜಾಗವನ್ನು ಊರ ಮರಗಳಿಗೆ ಬಿಟ್ಟುಕೊಡುವುದು ಎರಡು ಬಗೆಯ ಲಾಭ.

ಹೊಳೆ ದಾಟುವ ಕಾಲುಸಂಕದಂಥ ಕೆಲಸದಲ್ಲಿ ಉಕ್ಕು ಗೆಲ್ಲುತ್ತದೆ. ಅಡಿಕೆ ಮರ ಹಾಸಿದ ಸಂಕ ಪ್ರತಿ ಮಳೆಗಾಲಕ್ಕೂ ಕೊಳೆತು ಶಾಲೆಗೆ ಹೋಗುವ ಮಕ್ಕಳ ಜೀವಕ್ಕೆ ಅಪಾಯ ತರುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ ತೋರಿಸಿದ ಮೇಲೆ, ಅಂಥ ನೂರಕ್ಕೂ ಹೆಚ್ಚು ಸೇತುವೆಗಳು ಅವರ ಕೈಯಿಂದ ಎದ್ದವು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಹೊಳೆಯ ನಡುವೆ ಕಂಬವಿಲ್ಲದೆ, ಸ್ವಲ್ಪವೇ ಉಕ್ಕಿನ ಹಗ್ಗದಿಂದ ಊರುಗಳನ್ನು ಬೆಸೆಯುವಾಗ ಆ ಉಕ್ಕಿಗಾಗಿ ವ್ಯಯವಾದ ಶಕ್ತಿ ಸಾರ್ಥಕ. ಮರದ ಪರ ವಹಿಸುವುದೆಂದರೆ ಎಲ್ಲೆಡೆ ಮರವೇ ಇರಲಿ ಎನ್ನುವುದಲ್ಲ.

ಮರದ ಸಂಸ್ಕರಣೆಯಲ್ಲಿಯೂ ಎಚ್ಚರ ಅಗತ್ಯ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣವನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಭಾರತೀಯ ವಿಜ್ಞಾನಿ ಸೊಂಟಿ ಕಾಮೇಶಂ. ಜಗತ್ತಿನಾದ್ಯಂತ ಕಂಬಗಳ ಬಾಳಿಕೆಯನ್ನು ಅದು ಹಲವು ಪಟ್ಟು ಹೆಚ್ಚಿಸಿತು. ಆದರೆ ಅದರಲ್ಲಿರುವ ಆರ್ಸೆನಿಕ್ ವಿಷವಾದುದರಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಕೈಬಿಡಲಾಯಿತು. ಅಂಥ ಮರದ ಚೂರನ್ನು ಒಲೆಗೆ ಹಾಕುವುದಾಗಲಿ, ಅದರಿಂದ ಅಡುಗೆಮನೆಯ ಹಲಗೆ ಮಾಡುವುದಾಗಲಿ ಸಲ್ಲದು. ಮನೆಯೊಳಗಿನ ಮರಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಸಾಕಾಗುತ್ತದೆ. ಅದು ಮಳೆಗೆ ತೊಳೆದುಹೋಗುವುದರಿಂದ ಹೊರಗಿನ ಕೆಲಸಕ್ಕೆ ಬಾರದು, ಅಷ್ಟೆ.

ಇನ್ನು ಈಗಾಗಲೇ ಕಟ್ಟಿರುವ ಮನೆಗಳ ಮಾತು. ಹೊಸ ಮನೆ ಏಳುವಾಗ ಹಳೆಯ ಮನೆಯ ಕಂಬ, ತೊಲೆ, ಮುಚ್ಚಿಗೆಗಳು ಲಾರಿ ಏರಿ ಪೇಟೆಯ ಹಳೆಮರದ ಅಂಗಡಿಗಳಿಗೆ ಇಳಿಯುತ್ತವೆ. ಮಾರಿದವರಿಗೆ ಸಿಕ್ಕುವುದು ಸೌದೆಗಿಂತ ಸ್ವಲ್ಪ ಹೆಚ್ಚಿನ ಬೆಲೆ. ಕೊಂಡವರ ವಿಹಾರಗೃಹದಲ್ಲಿ ಅವು ಅಲಂಕಾರ. ಕೂಡುಕೀಲಿನಲ್ಲಿ ಜೋಡಿಸಿದ ಮರದ ಮನೆಯನ್ನು ಬಿಚ್ಚಿ ಮತ್ತೆ ಕಟ್ಟಬಹುದೆಂಬುದನ್ನು ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಪರಂಪರಾ ಗ್ರಾಮದ ಮೂಲಕ ಸಾಧಿಸಿ ತೋರಿಸಿದರು. ಕುಂಜೂರು, ಮಿಯಾರು ಮುಂತಾದ ಊರುಗಳ ಮನೆಗಳು ಅಲ್ಲಿ ಎರಡನೆಯ ಜನ್ಮ ಪಡೆದಿವೆ. ಒಡೆದ ತಾರಸಿ ಗುಂಡಿ ತುಂಬಲಷ್ಟೇ ಯೋಗ್ಯ. ಬಿಚ್ಚಿದ ಮಾಡು ಇನ್ನೊಂದು ಮಾಡಾಗಬಲ್ಲದು. ಆದುದರಿಂದ ಹಳೆಮರವನ್ನು ಮಾರುವ ಮೊದಲು ಹೊಸ ಮನೆಯಲ್ಲಿ ಅದಕ್ಕೊಂದು ಜಾಗ ಹುಡುಕುವುದು ಪ್ರತಿ ಮನೆಯ ಮೊದಲ ಕರ್ತವ್ಯವಾಗಬೇಕು. ಹೊಸದೊಂದು ಮರಕ್ಕೆ ಕೊಡಲಿ ಬೀಳದಂತೆ ತಡೆಯುವ ಅತ್ಯಂತ ಸುಲಭದ ದಾರಿ ಇದೇ.

ಬೇಕಾದ ಮರ ಕಾಡಿನಿಂದಲ್ಲ, ಬದುವಿನಿಂದ ಬರಬೇಕು. ಕಿರಾಲ್ಬೋಗಿಯಂಥ, ಪಶ್ಚಿಮಘಟ್ಟಕ್ಕೇ ಸೀಮಿತವಾದ ಮರಗಳನ್ನು ರೈಲು ಹಳಿಯ ಅಡಿಮರಗಳಿಗಾಗಿ ಕಡಿದ ಕಾಲ ಮತ್ತೆ ಬರಬಾರದು. ತೋಟದ ಅಂಚಿನಲ್ಲಿ, ಕುಮ್ಕಿಯಲ್ಲಿ, ಸೊಪ್ಪಿನಬೆಟ್ಟದಲ್ಲಿ ಹಲಸು, ಹೆಬ್ಬಲಸು, ಹೊನ್ನೆ, ಮತ್ತಿಗಳನ್ನು ಬೆರಕೆಯಾಗಿ ಬೆಳೆಸಿದರೆ ಸೊಪ್ಪು, ಹಣ್ಣು, ನೆರಳು, ಮೆಣಸಿನ ಬಳ್ಳಿಗೆ ಆಸರೆ ಎಲ್ಲವೂ ದೊರೆತು ಕೊನೆಯಲ್ಲಿ ತೊಲೆಯೂ ದೊರೆಯುತ್ತದೆ. ತೇಗವೊಂದನ್ನೇ ಸಾಲಾಗಿ ನೆಟ್ಟ ತೋಪಿನಿಂದ ಸಿಗುವುದು ತೊಲೆ ಮಾತ್ರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಖಾಸಗಿ ಜಮೀನಿನ ಮರ ಕಡಿಯಲು ಅನುಮತಿಯನ್ನು ಕೇಳುವುದರ ಜೊತೆಗೆ ಬದಲಿ ಗಿಡ ನೆಡುವ ಹೊಣೆಯನ್ನೂ ಹೊರಿಸುತ್ತದೆ. ಅನುಮತಿಯ ಅರ್ಜಿಗಾಗಿ ಹತ್ತು ಸಲ ಕಚೇರಿ ಅಲೆಯುವ ರೈತ, ನೆಟ್ಟ ಗಿಡವನ್ನು ನೋಡಲು ಯಾರೂ ಒಮ್ಮೆಯೂ ಬರುವುದಿಲ್ಲವೆಂಬುದನ್ನು ಬಲ್ಲ. ಬೆಳೆಸಿದವನಿಗೆ ಕಡಿಯುವ ದಾರಿ ಸುಗಮವಾಗಬೇಕು; ಮರುನೆಡುವ ಷರತ್ತು ಕಟ್ಟುನಿಟ್ಟಾಗಬೇಕು. ಬಿದಿರಿನ ವಿಚಾರದಲ್ಲಿ ಇದು ಸಾಧ್ಯವಾಗಿದೆ. 2017ರ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಕೇಂದ್ರ ಅರಣ್ಯ ಕಾನೂನಿನ ಮರದ ವ್ಯಾಖ್ಯೆಯಿಂದ ಹೊರಬಂದಿದೆ.

ಗ್ರಾಮ ಪಂಚಾಯಿತಿಗಳೂ ಈ ದಿಕ್ಕಿನಲ್ಲಿ ಯೋಚಿಸಬೇಕಾದ ಕಾಲ ಬಂದಿದೆ. ಅಂಗನವಾಡಿ, ಶಾಲಾ ಕೊಠಡಿ, ಸಮುದಾಯ ಭವನ ಯಾವುದೇ ಇರಲಿ, ಬಯಲುಸೀಮೆಗೂ ಮಲೆನಾಡಿಗೂ ಒಂದೇ ನಕ್ಷೆಯ ಚಪ್ಪಟೆ ತಾರಸಿ ಏಕೆ ಬೇಕು? ಊರಿನ ಮರ, ಊರಿನ ಬಡಗಿ, ಇಳಿಜಾರು ಮಾಡು ಇವುಗಳಿಗೆ ಅಂದಾಜುಪಟ್ಟಿಯಲ್ಲಿ ಜಾಗ ಕೊಡಿರೆಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ವಿದ್ಯಾರ್ಥಿಗಳು ತಮ್ಮ ಊರಿನ ಹತ್ತು ಹಳೆಯ ಮನೆಗಳನ್ನು ಸುತ್ತಿ, ಯಾವ ಮರ ಎಲ್ಲಿ ಎಷ್ಟು ವರ್ಷ ಬಾಳಿದೆ, ಎಲ್ಲಿ ಕೊಳೆತಿದೆ, ಏಕೆ ಕೊಳೆತಿದೆ ಎಂಬುದನ್ನು ಹಿರಿಯ ಬಡಗಿಗಳಿಂದ ಕೇಳಿ ಬರೆದಿಟ್ಟರೆ, ಯಾವ ಪಠ್ಯಪುಸ್ತಕದಲ್ಲೂ ಸಿಗದ ಜ್ಞಾನ ಉಳಿಯುತ್ತದೆ. ಆ ಬಡಗಿಗಳ ಮಕ್ಕಳು ಇಂದು ಮಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಬೇರೆ ಕೆಲಸ ಹಿಡಿದಿದ್ದಾರೆ. ಕೇಳಲು ಉಳಿದಿರುವ ಸಮಯ ಹೆಚ್ಚಿಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿಯ ಜನ ಕಳಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತಾಗ ಹುಟ್ಟಿದ ಚಳವಳಿ ಮೂರು ಮಾತುಗಳನ್ನು ತನ್ನ ಘೋಷಣೆಯಾಗಿ ಇಟ್ಟುಕೊಂಡಿತು: ಉಳಿಸು, ಬೆಳೆಸು, ಬಳಸು. ಉಳಿಸುವ ಮಾತು ವೇದಿಕೆಗಳಲ್ಲಿ ಸಾಕಷ್ಟು ಕೇಳಿಬಂದಿದೆ. ಬೆಳೆಸುವ ಮಾತು ವರ್ಷಕ್ಕೊಮ್ಮೆ ವನಮಹೋತ್ಸವದಲ್ಲಿ ಕೇಳಿಬರುತ್ತದೆ. ಮೂರನೆಯದಾದ ಬಳಸುವ ಮಾತನ್ನು ಮಾತ್ರ ಗುತ್ತಿಗೆದಾರರಿಗೂ ಮಾರುಕಟ್ಟೆಗೂ ಬಿಟ್ಟುಕೊಡಲಾಗಿದೆ. ಹೇಗೆ ಬಳಸಬೇಕೆಂಬುದನ್ನು ಅರಿಯದ ಸಮಾಜ ಬಹುಕಾಲ ಉಳಿಸಲಾರದು, ಬೆಳೆಸಲೂ ಆರದು.

ಈ ಬಾರಿ ಜಗಲಿಯಲ್ಲಿ ಮನೆಯ ಲೆಕ್ಕ ಬರೆಯುವವರು ಚದರಡಿ ಮತ್ತು ರೂಪಾಯಿಗಳ ಪಕ್ಕದಲ್ಲಿ ಇನ್ನೊಂದು ಸಾಲನ್ನು ಸೇರಿಸಲಿ. ಈ ಸಾಮಗ್ರಿ ಎಲ್ಲಿಂದ ಬಂತು, ತಯಾರಾಗಲು ಎಷ್ಟು ವರ್ಷ ಹಿಡಿಯಿತು, ಈ ಮನೆಯಲ್ಲಿ ಎಷ್ಟು ವರ್ಷ ಬಾಳಲಿದೆ ಎಂಬುದನ್ನು ಅಲ್ಲಿ ಬರೆಯಲಿ. ಕಡಿಸುವ ಹಲಸಿನ ಬದಲಿಗೆ ಮುಂದಿನ ಮುಂಗಾರಿಗೆ ಎರಡು ಸಸಿಗಳನ್ನು ಎಲ್ಲಿ ನೆಡಬೇಕೆಂಬುದನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಲಿ. ಮೇಸ್ತ್ರಿಗೆ ಅಡ್ಡವಾಗಿ ಹೇಳಲು ಸಂಕೋಚಪಡುವ ಅಗತ್ಯವಿಲ್ಲ. ಮನೆ ಬಾಳಬೇಕಾದದ್ದು ಮಕ್ಕಳಿಗೆ, ಮರ ಬೆಳೆಯಬೇಕಾದದ್ದೂ ಮಕ್ಕಳಿಗೇ.